ರೀಸ್ಟಾರ್ಟ್‌ಗೂ ಮುಂಚೆ: ಸಿಸ್‌ಇಂಟರ್ನಲ್ಸ್ ಟೂಲ್‌ಗಳಿಂದ ವಿಂಡೋಸ್ ತೊಂದರೆಯ ಬೇರು ಹಿಡಿಯುವುದು ಹೇಗೆ

“ಸರ್ವರ್ ಸ್ಲೋ ಆಗಿದೆ”, “ಫೈಲ್ ಡಿಲೀಟ್ ಆಗ್ತಿಲ್ಲ”, “ನನ್ನ ಲಾಗಿನ್‌ನಲ್ಲಿ ಓಪನ್ ಆಗಲ್ಲ, ಸಾರ್ ಲಾಗಿನ್‌ನಲ್ಲಿ ಆಗುತ್ತೆ”. ವಿಂಡೋಸ್ ಅಡ್ಮಿನ್‌ಗೆ ಬರುವ ದೂರುಗಳಲ್ಲಿ ಬಹುಪಾಲು ಈ ಮೂರರ ಸುತ್ತಲೇ ಇರುತ್ತವೆ. ಮೂರಕ್ಕೂ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಬಟನ್ ಕಡೆಗೆ. ರೀಸ್ಟಾರ್ಟ್ ಮಾಡಿದರೆ ತೊಂದರೆ ಹೋದಂತೆ ಕಾಣುತ್ತದೆ, ನಿಜ. ಆದರೆ ಯಾವ ಥ್ರೆಡ್ (ಪ್ರೊಸೆಸ್ ಒಳಗಿನ ಕೆಲಸದ ಒಂದು ಎಳೆ) ಸಿಪಿಯು ತಿನ್ನುತ್ತಿತ್ತು, ಯಾವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಫೈಲ್ ಹಿಡಿದುಕೊಂಡಿತ್ತು, ಯಾವ ಡ್ರೈವರ್ ಮೆಮೊರಿ ನುಂಗಿತ್ತು ಎಂಬ ಸುಳಿವೆಲ್ಲ ಅದರೊಂದಿಗೇ ಅಳಿಸಿಹೋಗುತ್ತದೆ. ಮುಂದಿನ ವಾರ ಅದೇ ದೂರು, ಅದೇ ರೀಸ್ಟಾರ್ಟ್.

ರೀಸ್ಟಾರ್ಟ್‌ಗೂ ಮುಂಚಿನ ಹತ್ತು ನಿಮಿಷದಲ್ಲಿ ಏನು ನೋಡಬೇಕು ಎಂಬುದು ಇಲ್ಲಿಯ ವಿಷಯ. ಬಳಸುವುದು ವಿಂಡೋಸ್ ಒಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ಸಿಸ್‌ಇಂಟರ್ನಲ್ಸ್ ಟೂಲ್‌ಗಳನ್ನು. 1996ರಲ್ಲಿ ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರುಮಾಡಿದ ಈ ಸಂಗ್ರಹವನ್ನು 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಇಂದಿಗೂ ಉಚಿತ, ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ, ಹೆಚ್ಚಿನವು ಒಂದೊಂದೇ ಇಎಕ್ಸ್‌ಇ ಫೈಲ್. ಪ್ರೊಡಕ್ಷನ್ ಸರ್ವರ್‌ನಲ್ಲಿ ಹೊಸದೇನನ್ನೂ ಇನ್‌ಸ್ಟಾಲ್ ಮಾಡಲು ಅನುಮತಿ ಸಿಗದ ಜಾಗದಲ್ಲಿ ಇದೇ ದೊಡ್ಡ ಅನುಕೂಲ.

ಮೊದಲೇ ಮಾಡಿಟ್ಟುಕೊಳ್ಳಬೇಕಾದ ಸಿದ್ಧತೆ

ತೊಂದರೆ ಬಂದ ಮೇಲೆ ಡೌನ್‌ಲೋಡ್‌ಗೆ ಕೂರಬೇಡಿ. ಇವತ್ತೇ ಮಾಡಿಡಿ:

1. ಮೈಕ್ರೋಸಾಫ್ಟ್‌ನ ಸೈಟ್‌ನಿಂದಲೇ ಸಿಸ್‌ಇಂಟರ್ನಲ್ಸ್ ಸೂಟ್ ಜಿಪ್ ಫೈಲ್ ಇಳಿಸಿಕೊಳ್ಳಿ. ಬೇರೆ ಡೌನ್‌ಲೋಡ್ ಸೈಟ್‌ಗಳ ಸಹವಾಸ ಬೇಡ.
2. ಅನ್‌ಜಿಪ್ ಮಾಡುವ ಮೊದಲು ಜಿಪ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕೆಳಗಿನ ‘ಅನ್‌ಬ್ಲಾಕ್’ ಗುರುತು ಹಾಕಿ. ಇದನ್ನು ಬಿಟ್ಟರೆ ಒಳಗಿನ ಪ್ರತಿಯೊಂದು ಫೈಲಿಗೂ ‘ಇಂಟರ್ನೆಟ್‌ನಿಂದ ಬಂದದ್ದು’ ಎಂಬ ಮುದ್ರೆ ಅಂಟಿಕೊಳ್ಳುತ್ತದೆ. ಟೂಲ್ ತೆರೆಯುವಾಗ ಎಚ್ಚರಿಕೆ ಅಡ್ಡ ಬರುತ್ತದೆ, ಹೆಲ್ಪ್ ಫೈಲ್ ತೆರೆದರೆ ಪುಟ ಖಾಲಿ ಕಾಣುತ್ತದೆ.
3. ಸಿ ಡ್ರೈವ್‌ನಲ್ಲಿ ‘ಟೂಲ್ಸ್’ ಎಂಬ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿ. ಆ ಫೋಲ್ಡರ್‌ಗೆ ಬರೆಯುವ ಅನುಮತಿ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ನೀವು ಅಡ್ಮಿನ್ ಹಕ್ಕಿನಿಂದ ಓಡಿಸುವ ಇಎಕ್ಸ್‌ಇಯನ್ನು ಸಾಮಾನ್ಯ ಬಳಕೆದಾರ ಬದಲಿಸುವಂತಿದ್ದರೆ ಬಾಗಿಲು ತೆರೆದಿಟ್ಟಂತೆಯೇ. ಅನುಮತಿ ಸರಿಯಾದ ಮೇಲೆ ಫೋಲ್ಡರ್ ಹೆಸರನ್ನು ಸಿಸ್ಟಂನ ಪಾತ್ ವೇರಿಯಬಲ್‌ಗೆ ಸೇರಿಸಿ.
4. ಸೆಕ್ಯುರಿಟಿ ತಂಡಕ್ಕೆ ಮೊದಲೇ ತಿಳಿಸಿ. ಬೇರೆ ಮೆಷಿನ್‌ನಲ್ಲಿ ಕಮಾಂಡ್ ಓಡಿಸುವ ಪಿಎಸ್‌ಎಕ್ಸೆಕ್, ಪ್ರೊಸೆಸ್‌ನ ಮೆಮೊರಿಯನ್ನು ಫೈಲಿಗೆ (ಡಂಪ್) ಬರೆಯುವ ಪ್ರಾಕ್‌ಡಂಪ್ ಎರಡನ್ನೂ ದಾಳಿಕೋರರೂ ಬಳಸುತ್ತಾರೆ. ಆಂಟಿವೈರಸ್ ಇವನ್ನು ತಡೆದರೆ ಅದು ತನ್ನ ಕೆಲಸ ಮಾಡಿದಂತೆಯೇ.

ಲೈವ್ ಡಾಟ್ ಸಿಸ್‌ಇಂಟರ್ನಲ್ಸ್ ಡಾಟ್ ಕಾಮ್ ಎಂಬ ವಿಳಾಸದಿಂದ ನೆಟ್‌ವರ್ಕ್ ಶೇರ್ ತೆರೆದಂತೆ ನೇರವಾಗಿಯೂ ಟೂಲ್ ಓಡಿಸಬಹುದು. ಅದಕ್ಕೆ ವೆಬ್‌ಕ್ಲೈಂಟ್ ಸರ್ವಿಸ್ ಬೇಕು. ವಿಂಡೋಸ್ ಸರ್ವರ್‌ನಲ್ಲಿ ಅದು ತಾನಾಗಿ ಇರುವುದಿಲ್ಲ, ವೆಬ್‌ಡಾವ್ ರೀಡೈರೆಕ್ಟರ್ ಫೀಚರ್ ಹಾಕಬೇಕು. ತುರ್ತಿನಲ್ಲಿ ಇದನ್ನು ನಂಬಿಕೊಳ್ಳಬೇಡಿ.

ಇನ್ನೊಂದು ಸಣ್ಣ ಸಂಗತಿ ದೊಡ್ಡ ಕಾಟ ಕೊಡುತ್ತದೆ. ಪ್ರತಿ ಟೂಲ್ ಮೊದಲ ಸಲ ಓಡುವಾಗ ಲೈಸೆನ್ಸ್ ಒಪ್ಪಿಗೆಯ ಕಿಟಕಿ ತೋರಿಸುತ್ತದೆ. ಶೆಡ್ಯೂಲ್ಡ್ ಟಾಸ್ಕ್‌ನಲ್ಲೋ ರಿಮೋಟ್ ಸ್ಕ್ರಿಪ್ಟ್‌ನಲ್ಲೋ ಓಡಿಸಿದರೆ ಆ ಕಿಟಕಿಗೆ ‘ಅಗ್ರೀ’ ಒತ್ತುವವರು ಯಾರೂ ಇರುವುದಿಲ್ಲ, ಟಾಸ್ಕ್ ಸುಮ್ಮನೆ ನೇತಾಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಬಳಸುವಾಗ ‘ಆಕ್ಸೆಪ್ಟ್‌ಯೂಲಾ’ ಸ್ವಿಚ್ ಸೇರಿಸುವುದನ್ನು ರೂಢಿ ಮಾಡಿಕೊಳ್ಳಿ.

ಕೊನೆಯದು ಸಿಂಬಲ್ಸ್, ಅಂದರೆ ಕೋಡ್ ವಿಳಾಸಗಳನ್ನು ಫಂಕ್ಷನ್ ಹೆಸರಿಗೆ ಜೋಡಿಸುವ ಫೈಲ್‌ಗಳು. ಥ್ರೆಡ್ ಸ್ಟಾಕ್‌ನಲ್ಲಿ (ಥ್ರೆಡ್ ಯಾವ ಫಂಕ್ಷನ್‌ನಿಂದ ಯಾವುದಕ್ಕೆ ಹೋಗಿದೆ ಎಂಬ ಸರಣಿ) ಅಂಕಿಗಳ ಬದಲು ಫಂಕ್ಷನ್ ಹೆಸರು ಕಾಣಬೇಕಾದರೆ ಇದು ಬೇಕೇಬೇಕು. ವಿಂಡೋಸ್ ಎಸ್‌ಡಿಕೆಯಿಂದ ‘ಡೀಬಗ್ಗಿಂಗ್ ಟೂಲ್ಸ್ ಫಾರ್ ವಿಂಡೋಸ್’ ಮಾತ್ರ ಆರಿಸಿ ನಿಮ್ಮ ಸ್ವಂತ ಮೆಷಿನ್‌ನಲ್ಲಿ ಹಾಕಿ. ಪ್ರೊಸೆಸ್ ಎಕ್ಸ್‌ಪ್ಲೋರರ್‌ನ ಆಪ್ಷನ್ಸ್ ಮೆನುವಿನಲ್ಲಿ ‘ಕಾನ್ಫಿಗರ್ ಸಿಂಬಲ್ಸ್’ ತೆರೆದು, ಡಿಬಿಜಿಹೆಲ್ಪ್ ಡಿಎಲ್‌ಎಲ್‌ಗೆ ಆ ಡೀಬಗ್ಗಿಂಗ್ ಟೂಲ್ಸ್ ಫೋಲ್ಡರ್‌ನ ಪ್ರತಿಯನ್ನೇ ತೋರಿಸಿ. ಸಿಸ್ಟಂ32 ಫೋಲ್ಡರ್‌ನಲ್ಲೂ ಅದೇ ಹೆಸರಿನ ಫೈಲ್ ಇದೆ, ಆದರೆ ಅದು ಮೈಕ್ರೋಸಾಫ್ಟ್ ಸಿಂಬಲ್ ಸರ್ವರ್‌ನಿಂದ ಇಳಿಸಿಕೊಳ್ಳುವುದಿಲ್ಲ. “ಸಿಂಬಲ್ ಪಾತ್ ಕೊಟ್ಟರೂ ಹೆಸರು ಬರ್ತಿಲ್ಲ” ಎನ್ನುವವರ ತೊಂದರೆ ಸಾಮಾನ್ಯವಾಗಿ ಇಲ್ಲೇ ಇರುತ್ತದೆ.

ಸಿಪಿಯು ದೂರು: ಪ್ರೊಸೆಸ್ ಎಕ್ಸ್‌ಪ್ಲೋರರ್

ಪ್ರೊಸೆಸ್ ಎಕ್ಸ್‌ಪ್ಲೋರರ್‌ನ ಇಎಕ್ಸ್‌ಇ ಆದ ಪ್ರಾಕ್‌ಎಕ್ಸ್‌ಪಿ64 ಅನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮೂಲಕವೇ ತೆರೆಯಿರಿ. ಇಲ್ಲದಿದ್ದರೆ ಬೇರೆ ಅಕೌಂಟ್‌ಗಳ ಪ್ರೊಸೆಸ್‌ಗಳ ಅರ್ಧ ಮಾಹಿತಿ ಖಾಲಿ ಇರುತ್ತದೆ. ಕಾಲಮ್ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಲೆಕ್ಟ್ ಕಾಲಮ್ಸ್’ನಲ್ಲಿ ಕಮಾಂಡ್ ಲೈನ್, ವೆರಿಫೈಡ್ ಸೈನರ್, ಹ್ಯಾಂಡಲ್ ಕೌಂಟ್, ಸ್ಟಾರ್ಟ್ ಟೈಮ್ ಸೇರಿಸಿಕೊಳ್ಳಿ. ಈ ನಾಲ್ಕಿಲ್ಲದೆ ಪಟ್ಟಿ ನೋಡುವುದು ವ್ಯರ್ಥ.

ಬಣ್ಣಗಳ ಅರ್ಥ ಸರಳ: ಗುಲಾಬಿ ಸರ್ವಿಸ್‌ಗಳು, ತಿಳಿನೀಲಿ ನಿಮ್ಮದೇ ಅಕೌಂಟ್‌ನ ಪ್ರೊಸೆಸ್‌ಗಳು, ಹಸಿರು ಈಗಷ್ಟೇ ಶುರುವಾದದ್ದು, ಕೆಂಪು ಈಗಷ್ಟೇ ಮುಗಿದದ್ದು. ನೇರಳೆ ಬಂದರೆ ಎರಡನೇ ಸಲ ನೋಡಿ. ಕೋಡ್ ಅನ್ನು ಕುಗ್ಗಿಸಿ ಅಥವಾ ಮರೆಮಾಡಿ ಕಟ್ಟಿದ ಇಎಕ್ಸ್‌ಇ ಇರಬಹುದು ಎಂಬ ಸೂಚನೆ ಅದು. ಕೆಲವು ಒಳ್ಳೆಯ ಸಾಫ್ಟ್‌ವೇರ್‌ಗಳೂ ಹಾಗೆ ಬರುವುದರಿಂದ ಅದೊಂದರ ಮೇಲೆ ತೀರ್ಪು ಕೊಡಬೇಡಿ. ಹಸಿರು–ಕೆಂಪು ಒಂದೇ ಸೆಕೆಂಡ್ ಉಳಿಯುತ್ತವೆ. ಪದೇಪದೇ ಹುಟ್ಟಿ ಸಾಯುವ ಪ್ರೊಸೆಸ್ ಹಿಡಿಯಬೇಕಾದರೆ ಆಪ್ಷನ್ಸ್‌ನ ‘ಡಿಫರೆನ್ಸ್ ಹೈಲೈಟ್ ಡ್ಯುರೇಷನ್’ ಅನ್ನು 5 ಸೆಕೆಂಡಿಗೆ ಏರಿಸಿ.

ಇನ್ನು ಅಂಕಿಯ ಲೆಕ್ಕ. ಸಿಪಿಯು ಕಾಲಮ್ ತೋರಿಸುವ ಶೇಕಡಾವಾರು ಎಲ್ಲ ಕೋರ್‌ಗಳ ಒಟ್ಟು ಲೆಕ್ಕದಲ್ಲಿ. 8 ಲಾಜಿಕಲ್ ಕೋರ್‌ಗಳ ಸರ್ವರ್‌ನಲ್ಲಿ ಒಂದು ಥ್ರೆಡ್ ಲೂಪ್‌ಗೆ ಬಿದ್ದು ಒಂದು ಕೋರನ್ನು ಪೂರ್ತಿ ತಿಂದರೂ ಕಾಣುವುದು 12.5 ಮಾತ್ರ. 4 ಕೋರ್ ಆದರೆ 25, 16 ಆದರೆ 6.25. “ಸಿಪಿಯು ಬರೀ 12 ಪರ್ಸೆಂಟ್ ಇದೆಯಲ್ಲ, ಅದು ಕಾರಣ ಇರಲಾರದು” ಎಂದು ಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ನೂರನ್ನು ಕೋರ್ ಸಂಖ್ಯೆಯಿಂದ ಭಾಗಿಸಿ. ಬಂದ ಅಂಕಿಯ ಹತ್ತಿರವೇ ಒಂದು ಪ್ರೊಸೆಸ್ ಅಲುಗಾಡದೆ ನಿಂತಿದ್ದರೆ ಅದೇ ನಿಮ್ಮ ಆರೋಪಿ.

ಮುಂದಿನ ಹೆಜ್ಜೆಗಳು:

1. ಆ ಪ್ರೊಸೆಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ಥ್ರೆಡ್ಸ್ ಟ್ಯಾಬ್‌ಗೆ ಹೋಗಿ. ಸಿಪಿಯು ಕಾಲಮ್ ಪ್ರಕಾರ ಜೋಡಿಸಿ.
2. ಮೇಲಿರುವ ಥ್ರೆಡ್‌ನ ‘ಸ್ಟಾರ್ಟ್ ಅಡ್ರೆಸ್’ನಲ್ಲಿ ಯಾವ ಡಿಎಲ್‌ಎಲ್ ಹೆಸರಿದೆ ನೋಡಿ. ‘ಸ್ಟಾಕ್’ ಒತ್ತಿ ಮೂರ್ನಾಲ್ಕು ಸಲ ರಿಫ್ರೆಶ್ ಮಾಡಿ. ಪ್ರತಿ ಸಲವೂ ಮರಳಿ ಬರುವ ಮಾಡ್ಯೂಲ್ ಯಾವುದೋ ಅದನ್ನು ಬರೆದುಕೊಳ್ಳಿ.
3. ಪ್ರೊಸೆಸ್ ಎಸ್‌ವಿಸಿಹೋಸ್ಟ್ (ವಿಂಡೋಸ್ ಸರ್ವಿಸ್‌ಗಳನ್ನು ತನ್ನೊಳಗೆ ಓಡಿಸುವ ಪ್ರೊಸೆಸ್) ಆಗಿದ್ದರೆ ಅದರ ಮೇಲೆ ಮೌಸ್ ಇಟ್ಟರೆ ಒಳಗಿರುವ ಸರ್ವಿಸ್‌ಗಳ ಹೆಸರು ಕಾಣುತ್ತದೆ. “ಎಸ್‌ವಿಸಿಹೋಸ್ಟ್ ಸಿಪಿಯು ತಿನ್ನುತ್ತಿದೆ” ಎಂಬ ಟಿಕೆಟ್‌ಗೆ ಅರ್ಥವಿಲ್ಲ, ಯಾವ ಸರ್ವಿಸ್ ಎಂದು ಬರೆಯಿರಿ.
4. ಸಿಪಿಯು ತಿನ್ನುತ್ತಿರುವುದು ಪಿಐಡಿ (ಪ್ರೊಸೆಸ್ ಸಂಖ್ಯೆ) 4ರ ‘ಸಿಸ್ಟಂ’ ಆಗಿದ್ದರೂ ಅದರ ಥ್ರೆಡ್ಸ್ ಟ್ಯಾಬ್ ತೆರೆಯಬಹುದು. ಅಲ್ಲಿ ಎಸ್‌ವೈಎಸ್ ಎಂದು ಮುಗಿಯುವ ಹೆಸರು ಡ್ರೈವರ್‌ನದ್ದು. ‘ಇಂಟರಪ್ಟ್ಸ್’ ಸಾಲು ಸತತವಾಗಿ ಮೇಲೆದ್ದಿದ್ದರೆ ನೆಟ್‌ವರ್ಕ್ ಕಾರ್ಡ್, ಸ್ಟೋರೇಜ್ ಡ್ರೈವರ್, ಫರ್ಮ್‌ವೇರ್ ಕಡೆ ತಿರುಗಿ. ಯಾವ ಅಪ್ಲಿಕೇಶನ್ ನಿಲ್ಲಿಸಿದರೂ ಅದು ಇಳಿಯುವುದಿಲ್ಲ.

ಫೈಲ್ ಡಿಲೀಟ್ ಆಗದಿರುವ ದೂರಿಗೂ ಇದೇ ಟೂಲ್. ಫೈಂಡ್ ಮೆನುವಿನ ‘ಫೈಂಡ್ ಹ್ಯಾಂಡಲ್ ಆರ್ ಡಿಎಲ್‌ಎಲ್’ ತೆರೆದು ಫೈಲ್ ಹೆಸರಿನ ಒಂದು ತುಂಡು ಕೊಟ್ಟರೆ ಯಾರು ಹಿಡಿದಿದ್ದಾರೆಂದು ಬರುತ್ತದೆ. ಆ ಸಾಲಿನ ಮೇಲೆ ಕ್ಲಿಕ್ ಮಾಡಿದರೆ ಕೆಳಗಿನ ಪೇನ್‌ನಲ್ಲಿ ಹ್ಯಾಂಡಲ್ (ತೆರೆದ ಫೈಲಿಗೆ ವಿಂಡೋಸ್ ಪ್ರೋಗ್ರಾಂಗೆ ಕೊಡುವ ಗುರುತು ಸಂಖ್ಯೆ) ತೆರೆದುಕೊಳ್ಳುತ್ತದೆ. ಅಲ್ಲೇ ‘ಕ್ಲೋಸ್ ಹ್ಯಾಂಡಲ್’ ಇದೆ. ಅದನ್ನು ಮುಟ್ಟಬೇಡಿ. ನೀವು ಮುಚ್ಚಿದ್ದು ಆ ಪ್ರೋಗ್ರಾಂಗೆ ಗೊತ್ತಾಗುವುದಿಲ್ಲ. ವಿಂಡೋಸ್ ಅದೇ ಹ್ಯಾಂಡಲ್ ಸಂಖ್ಯೆಯನ್ನು ಮುಂದೆ ಬೇರೊಂದು ಫೈಲಿಗೆ ಕೊಟ್ಟರೆ, ಹಳೆಯ ಫೈಲಿಗೆ ಎಂದುಕೊಂಡು ಪ್ರೋಗ್ರಾಂ ಹೊಸ ಫೈಲಿನೊಳಗೆ ಬರೆಯುತ್ತದೆ. ಡೇಟಾಬೇಸ್ ಇರುವ ಸರ್ವರ್‌ನಲ್ಲಿ ಇದರ ಪರಿಣಾಮ ಊಹಿಸಿಕೊಳ್ಳಿ. ಪ್ರೋಗ್ರಾಂ ಮುಚ್ಚಿಸಿ ಇಲ್ಲವೇ ಸರ್ವಿಸ್ ನಿಲ್ಲಿಸಿ.

ಫೈಲ್ ಸರ್ವರ್‌ನಲ್ಲಿ ಹುಡುಕಿದಾಗ ಹಿಡಿದಿರುವುದು ‘ಸಿಸ್ಟಂ’ ಎಂದು ಬಂದರೆ, ನೆಟ್‌ವರ್ಕ್‌ನ ಆಚೆ ಯಾರೋ ಆ ಫೈಲ್ ತೆರೆದಿದ್ದಾರೆ ಎಂದರ್ಥ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನ ‘ಶೇರ್ಡ್ ಫೋಲ್ಡರ್ಸ್’ ಒಳಗೆ ‘ಓಪನ್ ಫೈಲ್ಸ್’ ನೋಡಿದರೆ ಬಳಕೆದಾರರ ಹೆಸರು ಸಿಗುತ್ತದೆ. ಒಂದು ಫೋನ್ ಮಾಡಿದರೆ ಕೆಲಸ ಮುಗಿಯಿತು.

“ಅಡ್ಮಿನ್ ಆದರೆ ಓಡುತ್ತೆ”: ಪ್ರೊಸೆಸ್ ಮಾನಿಟರ್

ಇಡೀ ಸಂಗ್ರಹದಲ್ಲಿ ಕಲಿಯಲು ಕಷ್ಟವಾದದ್ದೂ ಕಲಿತರೆ ಅತಿ ಹೆಚ್ಚು ಫಲ ಕೊಡುವುದೂ ಇದೇ, ಅಡ್ಮಿನ್‌ಗಳ ಬಾಯಲ್ಲಿ ಪ್ರಾಕ್‌ಮಾನ್. ಫೈಲ್, ರಿಜಿಸ್ಟ್ರಿ, ನೆಟ್‌ವರ್ಕ್, ಪ್ರೊಸೆಸ್ ಚಟುವಟಿಕೆಗಳನ್ನು ಸಾಲು ಸಾಲಾಗಿ ದಾಖಲಿಸುತ್ತದೆ. ತೆರೆದ ಕೂಡಲೇ ಸೆಕೆಂಡಿಗೆ ಸಾವಿರಾರು ಸಾಲು ಹರಿಯುವುದನ್ನು ಕಂಡು ಅನೇಕರು ಅಲ್ಲೇ ಮುಚ್ಚಿಬಿಡುತ್ತಾರೆ. ಕ್ರಮ ತಿಳಿದರೆ ಗಾಬರಿ ಬೇಕಿಲ್ಲ.

ಹಳೆಯ ಲೆಕ್ಕಪತ್ರ ಸಾಫ್ಟ್‌ವೇರ್ ಒಂದು ಅಡ್ಮಿನ್ ಅಕೌಂಟ್‌ನಲ್ಲಿ ಓಡುತ್ತದೆ, ಗುಮಾಸ್ತರ ಅಕೌಂಟ್‌ನಲ್ಲಿ ತೆರೆದ ತಕ್ಷಣ ಅರ್ಥವಾಗದ ಎರರ್ ಕೊಡುತ್ತದೆ ಎಂದುಕೊಳ್ಳಿ. ತಾಲ್ಲೂಕು ಕೇಂದ್ರದ ಸಹಕಾರ ಸಂಘದಿಂದ ಹಿಡಿದು ಬೆಂಗಳೂರಿನ ಕಾರ್ಖಾನೆಯ ತನಕ ಇದು ಎಲ್ಲೆಡೆ ಇದೆ. ಎಲ್ಲೆಡೆ ಮಾಡುವ ಪರಿಹಾರವೂ ಒಂದೇ: ಗುಮಾಸ್ತರನ್ನು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸುವುದು. ರಾನ್ಸಮ್‌ವೇರ್‌ಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಇಲ್ಲ. ಅದರ ಬದಲು:

1. ಗುಮಾಸ್ತರ ಲಾಗಿನ್‌ನಲ್ಲೇ ಇರಿ. ಪ್ರಾಕ್‌ಮಾನ್ ಅನ್ನು ಮಾತ್ರ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮಾಡಿ ನಿಮ್ಮ ಅಡ್ಮಿನ್ ಪಾಸ್‌ವರ್ಡ್ ಕೊಡಿ. ತೊಂದರೆ ಇರುವುದು ಅವರ ಹಕ್ಕಿನಲ್ಲಿ, ಆದ್ದರಿಂದ ಸಾಫ್ಟ್‌ವೇರ್ ಅವರ ಹಕ್ಕಿನಲ್ಲೇ ಓಡಬೇಕು.
2. ಕಂಟ್ರೋಲ್–ಇ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿ, ಕಂಟ್ರೋಲ್–ಎಕ್ಸ್ ಒತ್ತಿ ಪಟ್ಟಿ ಖಾಲಿ ಮಾಡಿ.
3. ಮತ್ತೆ ಕಂಟ್ರೋಲ್–ಇ. ಸಾಫ್ಟ್‌ವೇರ್ ತೆರೆಯಿರಿ. ಎರರ್ ಬಂದ ಕ್ಷಣ, ಎರರ್ ಕಿಟಕಿಯನ್ನು ಮುಚ್ಚದೆ, ಕಂಟ್ರೋಲ್–ಇ ಒತ್ತಿ ನಿಲ್ಲಿಸಿ. ರೆಕಾರ್ಡಿಂಗ್ ಚಿಕ್ಕದಾದಷ್ಟೂ ಹುಡುಕಾಟ ಸುಲಭ.
4. ಟೂಲ್‌ಬಾರ್‌ನಲ್ಲಿ ಗುರಿಯ ಆಕಾರದ ಐಕಾನ್ ಇದೆ. ಅದನ್ನು ಎಳೆದು ಎರರ್ ಕಿಟಕಿಯ ಮೇಲೆ ಬಿಡಿ. ಆ ಕಿಟಕಿಯ ಹಿಂದಿನ ಪ್ರೊಸೆಸ್‌ಗೆ ಮಾತ್ರ ಫಿಲ್ಟರ್ ತಾನಾಗಿ ಬೀಳುತ್ತದೆ.
5. ಕಂಟ್ರೋಲ್–ಎಚ್ ಒತ್ತಿ ಹೈಲೈಟ್‌ನಲ್ಲಿ ‘ರಿಸಲ್ಟ್’ ‘ಈಸ್’ ‘ಆಕ್ಸೆಸ್ ಡಿನೈಡ್’ ಎಂದು ಆರಿಸಿ, ‘ಆ್ಯಡ್’ ಒತ್ತಿ, ಆಮೇಲೆ ‘ಓಕೆ’. ಇಲ್ಲಿ ಫಿಲ್ಟರ್‌ಗಿಂತ ಹೈಲೈಟ್ ಮೇಲು. ಫಿಲ್ಟರ್ ಹಾಕಿದರೆ ಆ ಸಾಲಿನ ಹಿಂದೆ ಮುಂದೆ ಏನಾಯಿತು ಎಂಬುದು ಮರೆಯಾಗುತ್ತದೆ.
6. ಕೆಳಗಿನಿಂದ ಮೇಲಕ್ಕೆ ಓದಿ. ಎರರ್ ಕಿಟಕಿ ತೋರಿಸಲು ಪ್ರೋಗ್ರಾಂ ಫಾಂಟ್, ಥೀಮ್ ಫೈಲ್‌ಗಳನ್ನು ತೆರೆಯುವ ಸಾಲುಗಳು ಕೊನೆಗಿರುತ್ತವೆ. ಅವನ್ನು ದಾಟಿ ಮೇಲೆ ಹೋದರೆ ಸಿಗುವ ಮೊದಲ ಹೈಲೈಟ್ ಬಹುತೇಕ ನಿಮ್ಮ ಉತ್ತರ.

ಸಿಗುವ ಸಾಲು ಹೀಗಿರುತ್ತದೆ: ಆಪರೇಷನ್ ‘ಕ್ರಿಯೇಟ್‌ಫೈಲ್’, ಪಾತ್ ಪ್ರೋಗ್ರಾಂ ಫೈಲ್ಸ್ ಒಳಗೆ ಆ ಸಾಫ್ಟ್‌ವೇರ್‌ನ ಡೇಟಾ ಫೋಲ್ಡರ್, ರಿಸಲ್ಟ್ ‘ಆಕ್ಸೆಸ್ ಡಿನೈಡ್’, ಡೀಟೇಲ್‌ನಲ್ಲಿ ‘ಡಿಸೈರ್ಡ್ ಆಕ್ಸೆಸ್: ಜೆನರಿಕ್ ರೀಡ್/ರೈಟ್’. ಕ್ರಿಯೇಟ್‌ಫೈಲ್ ಎಂದ ಮಾತ್ರಕ್ಕೆ ಹೊಸ ಫೈಲ್ ಮಾಡಲು ಹೊರಟಿತ್ತು ಎಂದುಕೊಳ್ಳಬೇಡಿ. ಇರುವ ಫೈಲ್ ತೆರೆಯುವುದಕ್ಕೂ ವಿಂಡೋಸ್‌ನಲ್ಲಿ ಅದೇ ಹೆಸರು, ‘ಡಿಸ್ಪೊಸಿಷನ್: ಓಪನ್’ ಎಂದಿದ್ದರೆ ತೆರೆಯುವ ಪ್ರಯತ್ನ ಮಾತ್ರ. ಇಲ್ಲಿ ಪ್ರೋಗ್ರಾಂ ಬರೆಯುವ ಹಕ್ಕು ಕೇಳಿದೆ, ಪ್ರೋಗ್ರಾಂ ಫೈಲ್ಸ್ ಒಳಗೆ ಸಾಮಾನ್ಯ ಬಳಕೆದಾರನಿಗೆ ಅದಿಲ್ಲ.

ಪರಿಹಾರ ಅಷ್ಟೇ ಕಿರಿದಾಗಿರಲಿ. ಆ ಸಾಫ್ಟ್‌ವೇರ್ ಬಳಸುವವರ ಗುಂಪೊಂದನ್ನು ಮಾಡಿ, ಆ ಒಂದು ಡೇಟಾ ಫೋಲ್ಡರ್‌ಗೆ ಮಾತ್ರ ‘ಮಾಡಿಫೈ’ ಅನುಮತಿ ಕೊಡಿ. ಇಎಕ್ಸ್‌ಇ, ಡಿಎಲ್‌ಎಲ್ ಇರುವ ಮೇಲಿನ ಫೋಲ್ಡರ್‌ಗೆ ಕೊಡಬೇಡಿ. ‘ಎವರಿವನ್’ಗೆ ‘ಫುಲ್ ಕಂಟ್ರೋಲ್’ ಎಂಬುದು ಪರಿಹಾರವೇ ಅಲ್ಲ. ಮತ್ತೆ ರೆಕಾರ್ಡ್ ಮಾಡಿ. ಒಂದು ತಡೆ ಬಿಡಿಸಿದ ಮೇಲೆ ಎರಡನೆಯದು, ಸಾಮಾನ್ಯವಾಗಿ ಒಂದು ರಿಜಿಸ್ಟ್ರಿ ಕೀ, ಕಾಣಿಸಿಕೊಳ್ಳುವುದುಂಟು.

‘ಆಕ್ಸೆಸ್ ಡಿನೈಡ್’ ಕಂಡ ಸಾಲೆಲ್ಲ ದೋಷವಲ್ಲ ಎಂಬುದೂ ನೆನಪಿರಲಿ. ಮೊದಲು ಪೂರ್ಣ ಹಕ್ಕು ಕೇಳಿ, ಸಿಗದಿದ್ದರೆ ಓದುವ ಹಕ್ಕಿಗೆ ಇಳಿಯುವ ಪ್ರೋಗ್ರಾಂಗಳು ಬಹಳ. ಮುಂದಿನ ಸಾಲಿನಲ್ಲೇ ಅದೇ ಪಾತ್‌ಗೆ ‘ಸಕ್ಸೆಸ್’ ಇದ್ದರೆ ಬಿಟ್ಟುಬಿಡಿ. ‘ನೇಮ್ ನಾಟ್ ಫೌಂಡ್’ ಸಾವಿರಗಟ್ಟಲೆ ಬರುತ್ತದೆ. ಡಿಎಲ್‌ಎಲ್ ಅನ್ನು ಒಂದೊಂದೇ ಫೋಲ್ಡರ್‌ನಲ್ಲಿ ಹುಡುಕುವಾಗ ಸಿಗದ ಜಾಗದಲ್ಲೆಲ್ಲ ಇದೇ ಉತ್ತರ. ಕೊನೆಯವರೆಗೂ ಎಲ್ಲೂ ಸಿಗದ ಡಿಎಲ್‌ಎಲ್ ಮಾತ್ರ ಸುಳಿವು. ‘ಬಫರ್ ಓವರ್‌ಫ್ಲೋ’ ನೋಡಿ ಹ್ಯಾಕಿಂಗ್ ಎಂದು ಹೆದರುವವರಿದ್ದಾರೆ. ಕೊಟ್ಟ ಜಾಗ ಸಾಲದು, ದೊಡ್ಡದು ಕೊಡು ಎಂದು ವಿಂಡೋಸ್ ಹೇಳುವ ರೀತಿ ಅದು. ‘ಶೇರಿಂಗ್ ವಯೊಲೇಷನ್’ ಮಾತ್ರ ಗಂಭೀರ: ಇನ್ನೊಂದು ಪ್ರೊಸೆಸ್ ಫೈಲ್ ಹಿಡಿದುಕೊಂಡಿದೆ. ಆಂಟಿವೈರಸ್ ಅಥವಾ ಬ್ಯಾಕಪ್ ಏಜೆಂಟ್ ಅದೇ ಕ್ಷಣದಲ್ಲಿ ಆ ಫೈಲ್ ತೆರೆದಿತ್ತೇ ಎಂದು ಮೊದಲು ನೋಡಿ.

ಎರರ್ ಏನೂ ಇಲ್ಲ, ಆದರೆ ಒಬ್ಬರು ಬದಲಿಸಿದ ಸೆಟ್ಟಿಂಗ್ ಇನ್ನೊಬ್ಬರಿಗೆ ಕಾಣುವುದಿಲ್ಲ ಎಂಬ ವಿಚಿತ್ರ ದೂರು ಬಂದರೆ ಬಳಕೆದಾರರ ಆ್ಯಪ್‌ಡೇಟಾ ಲೋಕಲ್ ಒಳಗಿನ ‘ವರ್ಚುವಲ್‌ಸ್ಟೋರ್’ ಫೋಲ್ಡರ್ ತೆರೆಯಿರಿ. ಹಳೆಯ 32 ಬಿಟ್ ಪ್ರೋಗ್ರಾಂ ಪ್ರೋಗ್ರಾಂ ಫೈಲ್ಸ್ ಒಳಗೆ ಬರೆಯಲು ಹೋದರೆ, ವಿಂಡೋಸ್ ತಡೆಯುವ ಬದಲು ಸದ್ದಿಲ್ಲದೆ ಇಲ್ಲಿಗೆ ತಿರುಗಿಸುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ! ಪಾತ್ ಅನ್ನು ಪ್ರಾಕ್‌ಮಾನ್‌ನಲ್ಲಿ ನೋಡಿದರೆ ಐದು ನಿಮಿಷದಲ್ಲಿ ಬಯಲಾಗುವ ಸಂಗತಿ ಇದು, ಊಹೆಯಿಂದ ಹುಡುಕಿದರೆ ದಿನಗಟ್ಟಲೆ.

ನಿಧಾನದ ದೂರಿಗೆ ಪ್ರಾಕ್‌ಮಾನ್ ಬಳಸುವುದಾದರೆ ಆಪ್ಷನ್ಸ್‌ನ ‘ಸೆಲೆಕ್ಟ್ ಕಾಲಮ್ಸ್’ನಿಂದ ‘ಡ್ಯುರೇಷನ್’ ಸೇರಿಸಿ, ಅದು 0.5ಕ್ಕಿಂತ ಹೆಚ್ಚಿರುವ ಸಾಲುಗಳಿಗೆ ಫಿಲ್ಟರ್ ಹಾಕಿ. ಸೇವೆಯಿಂದ ತೆಗೆದ ಹಳೆಯ ಫೈಲ್ ಸರ್ವರ್ ಅಥವಾ ಪ್ರಿಂಟ್ ಸರ್ವರ್‌ನ ಹೆಸರು, ಎದುರಿಗೆ ‘ಬ್ಯಾಡ್ ನೆಟ್‌ವರ್ಕ್ ಪಾತ್’ ಮತ್ತು ದೀರ್ಘ ಸಮಯ ಕಂಡರೆ ಆ ಮ್ಯಾಪ್ ಮಾಡಿದ ಡ್ರೈವ್ ಅಥವಾ ಶಾರ್ಟ್‌ಕಟ್ ತೆಗೆಯಿರಿ. ‘ನೋಟಿಫೈಚೇಂಜ್‌ಡೈರೆಕ್ಟರಿ’ ಸಾಲುಗಳಲ್ಲಿ ನಿಮಿಷಗಟ್ಟಲೆ ಸಮಯ ಕಾಣುವುದು ಸಹಜ. ಫೋಲ್ಡರ್ ಬದಲಾಗುವುದನ್ನು ಕಾಯುವುದೇ ಅದರ ಕೆಲಸ.

ಸರ್ವರ್‌ನಲ್ಲಿ ತಾಸುಗಟ್ಟಲೆ ರೆಕಾರ್ಡ್ ಮಾಡಬೇಕಾದಾಗ ಎಚ್ಚರ. ಪ್ರಾಕ್‌ಮಾನ್ ತಾನಾಗಿ ದಾಖಲೆಯನ್ನು ವರ್ಚುವಲ್ ಮೆಮೊರಿಯಲ್ಲಿ ಇಡುತ್ತದೆ, ಅದು ತುಂಬಿದರೆ ಬಿದ್ದುಹೋಗುವುದು ಸರ್ವರ್ರೇ. ಫೈಲ್ ಮೆನುವಿನ ‘ಬ್ಯಾಕಿಂಗ್ ಫೈಲ್ಸ್’ನಲ್ಲಿ ಸಿಸ್ಟಂ ಡ್ರೈವ್ ಅಲ್ಲದ ಇನ್ನೊಂದು ಡ್ರೈವ್‌ನ ಫೈಲ್ ಕೊಡಿ, ಫಿಲ್ಟರ್ ಮೆನುವಿನ ‘ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್’ ಆನ್ ಮಾಡಿ. ಡ್ರಾಪ್ ಆದದ್ದು ಮತ್ತೆ ಬರುವುದಿಲ್ಲ, ಆದ್ದರಿಂದ ಫಿಲ್ಟರ್ ಸರಿಯಿದೆಯೇ ಎಂದು ಒಂದು ನಿಮಿಷ ಓಡಿಸಿ ನೋಡಿ.

ಲಾಗ್ ಅನ್ನು ಸಾಫ್ಟ್‌ವೇರ್ ಕಂಪನಿಗೆ ಕಳುಹಿಸುವಾಗ ಪ್ರಾಕ್‌ಮಾನ್‌ನ ಸ್ವಂತ ಪಿಎಂಎಲ್ ರೂಪದಲ್ಲಿ, ‘ಆಲ್ ಈವೆಂಟ್ಸ್’ ಆರಿಸಿ ಸೇವ್ ಮಾಡಿ. ಅದರಲ್ಲಿ ಬಳಕೆದಾರರ ಹೆಸರು, ಫೈಲ್ ಹೆಸರು, ಕಮಾಂಡ್ ಲೈನ್ ಎಲ್ಲ ಇರುತ್ತದೆ. ಕೆಲವು ಪ್ರೋಗ್ರಾಂಗಳು ಪಾಸ್‌ವರ್ಡನ್ನೇ ಕಮಾಂಡ್ ಲೈನ್‌ನಲ್ಲಿ ದಾಟಿಸುತ್ತವೆ, ಒಮ್ಮೆ ನೋಡಿಯೇ ಕಳುಹಿಸಿ.

ತಾನಾಗಿ ಓಡುವವು: ಆಟೋರನ್ಸ್

ಬೂಟ್, ಲಾಗಿನ್, ಶೆಡ್ಯೂಲ್ ಹೀಗೆ ಯಾವ ದಾರಿಯಿಂದಲಾದರೂ ತಾನಾಗಿ ಶುರುವಾಗುವುದೆಲ್ಲ ಇಲ್ಲಿ ಒಂದೇ ಪಟ್ಟಿಯಲ್ಲಿದೆ. ಆಪ್ಷನ್ಸ್‌ನ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ‘ವೆರಿಫೈ ಕೋಡ್ ಸಿಗ್ನೇಚರ್ಸ್’ ಹಾಕಿದ ಮೇಲಷ್ಟೇ ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಬಳಸಿ. ಕಂಪನಿ ಹೆಸರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು, ಡಿಜಿಟಲ್ ಸಹಿ ಹಾಗೆ ಸಿಗುವುದಿಲ್ಲ.

ಹಳದಿ ಸಾಲು ಎಂದರೆ ಎಂಟ್ರಿ ಉಳಿದಿದೆ, ಫೈಲ್ ಇಲ್ಲ. ಹೆಚ್ಚಾಗಿ ಅನ್‌ಇನ್‌ಸ್ಟಾಲ್ ಬಿಟ್ಟುಹೋದ ಕಸ. ಗುಲಾಬಿ ಎಂದರೆ ಪ್ರಕಾಶಕರ ಮಾಹಿತಿ ಇಲ್ಲ ಅಥವಾ ಸಹಿ ತಾಳೆಯಾಗಿಲ್ಲ. ಪವರ್‌ಶೆಲ್, ರನ್‌ಡಿಎಲ್‌ಎಲ್32, ಡಬ್ಲ್ಯೂಸ್ಕ್ರಿಪ್ಟ್ ಇವನ್ನು ಕರೆಯುವ ಎಂಟ್ರಿಗಳಲ್ಲಿ ಸಹಿ ಮೈಕ್ರೋಸಾಫ್ಟ್‌ನದ್ದೇ ಇರುತ್ತದೆ, ಕೆಡುಕು ಇರುವುದು ಮುಂದಿನ ಆರ್ಗ್ಯುಮೆಂಟ್‌ನಲ್ಲಿ. ಕಮಾಂಡ್ ಪೂರ್ತಿ ಓದಿ. ‘ಇಮೇಜ್ ಹೈಜ್ಯಾಕ್ಸ್’ ಟ್ಯಾಬ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಹೆಸರು ಕಂಡು ಬೆಚ್ಚುವ ಮುನ್ನ, ಪ್ರೊಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ‘ರೀಪ್ಲೇಸ್ ಟಾಸ್ಕ್ ಮ್ಯಾನೇಜರ್’ ಒತ್ತಿದವರು ನಿಮ್ಮ ತಂಡದವರೇ ಇರಬಹುದೇ ಎಂದು ಕೇಳಿ.

ಅನುಮಾನದ್ದನ್ನು ಡಿಲೀಟ್ ಮಾಡಬೇಡಿ, ಟಿಕ್ ತೆಗೆಯಿರಿ. ತಪ್ಪಾದರೆ ಮರಳಿ ಹಾಕಬಹುದು. ಡ್ರೈವರ್ಸ್ ಟ್ಯಾಬ್‌ನಲ್ಲಿ ಅದೂ ಅಪಾಯ. ಸ್ಟೋರೇಜ್ ಡ್ರೈವರ್‌ನ ಟಿಕ್ ತೆಗೆದರೆ ಮೆಷಿನ್ ಬೂಟ್ ಆಗದಿರಬಹುದು. ಹಲವು ಆಂಟಿವೈರಸ್‌ಗಳ ಅಭಿಪ್ರಾಯ ತಿಳಿಸುವ ವೈರಸ್‌ಟೋಟಲ್ ಸೈಟ್‌ನ ಪರೀಕ್ಷೆ ಹ್ಯಾಶ್ (ಫೈಲಿನ ಬೆರಳಚ್ಚು) ಮಾತ್ರ ಕಳುಹಿಸುತ್ತದೆ. ಅದರ ಪಕ್ಕದ ‘ಸಬ್ಮಿಟ್ ಅನ್‌ನೋನ್’ ಆಯ್ಕೆ ಫೈಲನ್ನೇ ಏರಿಸುತ್ತದೆ, ನಿಮ್ಮ ಸಂಸ್ಥೆಯೊಳಗೆ ಬರೆದ ಸಾಫ್ಟ್‌ವೇರ್ ಇದ್ದರೆ ಅದು ಬೇಡ.

ಹೊಸ ಸರ್ವರ್ ಸಿದ್ಧವಾದ ದಿನವೇ ಆಟೋರನ್ಸ್ ಫಲಿತಾಂಶ ಸೇವ್ ಮಾಡಿಟ್ಟು, ಮುಂದೆ ಅನುಮಾನ ಬಂದಾಗ ‘ಕಂಪೇರ್’ ಮಾಡಿದರೆ ಹೊಸದಾಗಿ ಸೇರಿದ್ದು ಮಾತ್ರ ಎದ್ದು ಕಾಣುತ್ತದೆ. ಮಾಡುವವರು ಕಡಿಮೆ, ಮಾಡಿದವರು ಉಳಿಸುವ ಸಮಯ ಬಹಳ.

ಮೆಮೊರಿ ಎಲ್ಲಿ ಹೋಯಿತು: ರ‍್ಯಾಮ್‌ಮ್ಯಾಪ್

ಟಾಸ್ಕ್ ಮ್ಯಾನೇಜರ್ 90 ಪರ್ಸೆಂಟ್ ಮೆಮೊರಿ ಬಳಕೆ ತೋರಿಸುತ್ತದೆ, ಪ್ರೊಸೆಸ್‌ಗಳನ್ನೆಲ್ಲ ಕೂಡಿಸಿದರೆ ಅರ್ಧವೂ ಆಗುವುದಿಲ್ಲ. ಆಗ ರ‍್ಯಾಮ್‌ಮ್ಯಾಪ್‌ನ ‘ಯೂಸ್ ಕೌಂಟ್ಸ್’ ಟ್ಯಾಬ್ ನೋಡಿ. ‘ಡ್ರೈವರ್ ಲಾಕ್ಡ್’ ದೊಡ್ಡದಿದ್ದು ಮೆಷಿನ್ ವರ್ಚುವಲ್ ಆಗಿದ್ದರೆ, ಕೆಳಗಿನ ಹೈಪರ್‌ವೈಸರ್ (ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ಸಾಫ್ಟ್‌ವೇರ್) ಬಲೂನ್ ಡ್ರೈವರ್ ಮೂಲಕ ಮೆಮೊರಿ ಹಿಂದಕ್ಕೆ ಎಳೆದುಕೊಂಡಿರುವ ಸಾಧ್ಯತೆ ಹೆಚ್ಚು. ವಿಎಂವೇರ್ ಅಥವಾ ಹೈಪರ್–ವಿ ನೋಡಿಕೊಳ್ಳುವವರ ಜೊತೆ ಮಾತಾಡಿ, ಗೆಸ್ಟ್ ಒಳಗೆ ಎಷ್ಟು ತಡಕಾಡಿದರೂ ಏನೂ ಸಿಗದು. ‘ಮೆಟಾಫೈಲ್’ ದೊಡ್ಡದಿದ್ದರೆ ಲಕ್ಷಾಂತರ ಫೈಲ್‌ಗಳ ಫೈಲ್ ಸರ್ವರ್ ಲಕ್ಷಣ. ‘ನಾನ್‌ಪೇಜ್ಡ್ ಪೂಲ್’ ದಿನದಿಂದ ದಿನಕ್ಕೆ ಬೆಳೆದರೆ ಯಾವುದೋ ಡ್ರೈವರ್ ಸೋರುತ್ತಿದೆ. ಪೂಲ್‌ಮಾನ್ ಎಂಬ ಮೈಕ್ರೋಸಾಫ್ಟ್‌ನ ಇನ್ನೊಂದು ಟೂಲ್‌ನಲ್ಲಿ ಬೆಳೆಯುತ್ತಿರುವ ಟ್ಯಾಗ್ ಗುರುತಿಸಿ.

‘ಎಂಪ್ಟಿ’ ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಲಿಸ್ಟ್ ಖಾಲಿ ಮಾಡುವ ಆಯ್ಕೆ ಇದೆ. ಅದನ್ನು ಶೆಡ್ಯೂಲ್ಡ್ ಟಾಸ್ಕ್ ಮಾಡಿ “ರ‍್ಯಾಮ್ ಕ್ಲೀನ್” ಮಾಡುವ ಸಲಹೆಗಳಿಗೆ ಕಿವಿಗೊಡಬೇಡಿ. ಸ್ಟ್ಯಾಂಡ್‌ಬೈ ಎಂದರೆ ಕ್ಯಾಶ್. ಅದನ್ನು ಚೆಲ್ಲಿದರೆ ಅದೇ ಡೇಟಾವನ್ನು ಮತ್ತೆ ಡಿಸ್ಕ್‌ನಿಂದ ಓದಬೇಕು.

ರಾತ್ರಿ ಬರುವ ತೊಂದರೆಗೆ: ಪ್ರಾಕ್‌ಡಂಪ್

ನೀವು ಇಲ್ಲದ ಹೊತ್ತಿನಲ್ಲಿ ಮಾತ್ರ ಸಿಪಿಯು ಏರುವ ಸರ್ವಿಸ್‌ಗೆ ಕಾವಲು ಹಾಕುವ ಟೂಲ್ ಇದು. ‘ಎಂಎ’ ಸ್ವಿಚ್ ಪೂರ್ತಿ ಡಂಪ್‌ಗೆ, ‘ಸಿ’ ಮುಂದೆ ಸಿಪಿಯು ಮಿತಿ, ‘ಎಸ್’ ಮುಂದೆ ಎಷ್ಟು ಸೆಕೆಂಡ್ ಸತತವಾಗಿ ಆ ಮಿತಿ ಮೀರಿರಬೇಕು, ‘ಎನ್’ ಮುಂದೆ ಎಷ್ಟು ಡಂಪ್. ಕೊನೆಗೆ ಪ್ರೊಸೆಸ್‌ನ ಹೆಸರು ಅಥವಾ ಪಿಐಡಿ. 10 ಸೆಕೆಂಡ್, 3 ಡಂಪ್ ಎಂಬುದು ಒಳ್ಳೆಯ ಆರಂಭ. ಮೂರರಲ್ಲೂ ಒಂದೇ ಸ್ಟಾಕ್ ಕಂಡರೆ ಡೆವಲಪರ್‌ಗೆ ವಾದಿಸಲು ಜಾಗ ಉಳಿಯುವುದಿಲ್ಲ.

ಮಿತಿಯನ್ನು 90 ಎಂದು ಕೊಟ್ಟು ಬೆಳಿಗ್ಗೆ ಬಂದು ನೋಡಿದರೆ ಫೋಲ್ಡರ್ ಖಾಲಿ ಇರುವುದು ಸಾಮಾನ್ಯ. ಮೇಲೆ ಹೇಳಿದ ಕೋರ್ ಲೆಕ್ಕವೇ ಕಾರಣ: 8 ಕೋರ್‌ಗಳಲ್ಲಿ ಒಂಟಿ ಥ್ರೆಡ್ 12.5 ದಾಟುವುದೇ ಇಲ್ಲ. ಮಿತಿಯನ್ನು 10ಕ್ಕೆ ಇಳಿಸಿ, ಇಲ್ಲವೇ ‘ಯು’ ಸ್ವಿಚ್ ಸೇರಿಸಿ ಒಂದೇ ಕೋರ್ ಲೆಕ್ಕದಲ್ಲಿ ಅಳೆಯಲು ಹೇಳಿ.

ಪೂರ್ತಿ ಡಂಪ್‌ನ ಗಾತ್ರ ಆ ಪ್ರೊಸೆಸ್‌ನ ಮೆಮೊರಿಯಷ್ಟೇ ಇರುತ್ತದೆ. 20 ಜಿಬಿ ಪ್ರೊಸೆಸ್‌ಗೆ 3 ಡಂಪ್ ಎಂದರೆ 60 ಜಿಬಿ ಖಾಲಿ ಜಾಗ ಬೇಕು, ಬರೆಯುವಷ್ಟು ಹೊತ್ತು ಆ ಪ್ರೊಸೆಸ್ ನಿಂತಿರುತ್ತದೆ. ‘ಆರ್’ ಸ್ವಿಚ್ ಕೊಟ್ಟರೆ ಪ್ರೊಸೆಸ್‌ನ ಒಂದು ನಕಲು ತೆಗೆದು ಅದರಿಂದ ಡಂಪ್ ಬರೆಯುತ್ತದೆ, ನಿಲ್ಲುವ ಸಮಯ ಕಡಿಮೆಯಾಗುತ್ತದೆ.

ಸಿಸ್ಟಂ ಅಕೌಂಟ್‌ನ ಕಣ್ಣಿನಿಂದ: ಪಿಎಸ್‌ಎಕ್ಸೆಕ್

ರಿಮೋಟ್ ಕಮಾಂಡ್‌ಗೆ ಈಗ ಪವರ್‌ಶೆಲ್ ರಿಮೋಟಿಂಗ್ ಮೇಲು. ಪಿಎಸ್‌ಎಕ್ಸೆಕ್‌ಗೆ 445ನೇ ಪೋರ್ಟ್, ಅಡ್ಮಿನ್ ಶೇರ್ ಎರಡೂ ತೆರೆದಿರಬೇಕು, ಆಚೆಯ ಮೆಷಿನ್‌ನಲ್ಲಿ ಅದು ಒಂದು ಸರ್ವಿಸ್ ಹಾಕುತ್ತದೆ, ಅದು ಸಿಸ್ಟಂ ಲಾಗ್‌ನಲ್ಲಿ 7045ನೇ ಈವೆಂಟ್ ಆಗಿ ದಾಖಲಾಗುತ್ತದೆ. ಆದರೆ ಸ್ಥಳೀಯವಾಗಿ ‘ಐ’ ಮತ್ತು ‘ಎಸ್’ ಸ್ವಿಚ್ ಕೊಟ್ಟು ಕಮಾಂಡ್ ಪ್ರಾಂಪ್ಟ್ ತೆರೆದರೆ ಸಿಗುವ ಲಾಭ ಬೇರೆ: ಆ ಕಿಟಕಿ ‘ಸಿಸ್ಟಂ’ ಅಕೌಂಟ್‌ನಲ್ಲಿ ಓಡುತ್ತಿರುತ್ತದೆ.

“ಸ್ಕ್ರಿಪ್ಟ್ ಕೈಯಲ್ಲಿ ಓಡಿಸಿದರೆ ಸರಿ, ಶೆಡ್ಯೂಲ್ಡ್ ಟಾಸ್ಕ್‌ನಲ್ಲಿ ಫೇಲ್” ಎಂಬ ದೂರನ್ನು ಆ ಕಿಟಕಿಯಲ್ಲಿ ಓಡಿಸಿ ನೋಡಿ. ನೀವು ಮ್ಯಾಪ್ ಮಾಡಿಕೊಂಡ ಝಡ್ ಡ್ರೈವ್ ಅಲ್ಲಿಲ್ಲ. ನಿಮ್ಮ ಪ್ರಾಕ್ಸಿ ಸೆಟ್ಟಿಂಗ್ ಅಲ್ಲಿಲ್ಲ. ಡೊಮೇನ್‌ನಲ್ಲಿರುವ ಮೆಷಿನ್ ಆದರೆ ನೆಟ್‌ವರ್ಕ್ ಶೇರ್‌ಗೆ ಅದು ಹೋಗುವುದು ಕಂಪ್ಯೂಟರ್ ಅಕೌಂಟ್ ಹೆಸರಿನಲ್ಲಿ. ಸ್ಕ್ರಿಪ್ಟ್‌ನಲ್ಲಿ ಡ್ರೈವ್ ಅಕ್ಷರದ ಬದಲು ಸರ್ವರ್ ಮತ್ತು ಶೇರ್‌ನ ಪೂರ್ಣ ಹೆಸರು ಬರೆಯಿರಿ, ಆ ಕಂಪ್ಯೂಟರ್ ಅಕೌಂಟ್‌ಗೆ ಶೇರ್ ಮತ್ತು ಫೋಲ್ಡರ್ ಎರಡರಲ್ಲೂ ಅನುಮತಿ ಕೊಡಿ.

ಕನ್ನಡ ಹೆಸರಿನ ಫೈಲ್‌ಗಳಿದ್ದರೆ

ಸಿಕ್ಕ ಮಾಹಿತಿಯನ್ನು ವರದಿ ಮಾಡುವಾಗ ನಮ್ಮಲ್ಲಿ ಮಾತ್ರ ಬರುವ ತೊಂದರೆಯೊಂದಿದೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರ ‘ಎಕ್ಸ್‌ಪೋರ್ಟ್ ಸಿಎಸ್‌ವಿ’ ತಾನಾಗಿ ಆಸ್ಕಿಯಲ್ಲಿ ಬರೆಯುತ್ತದೆ, ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ‘ಎನ್‌ಕೋಡಿಂಗ್’ ಆಯ್ಕೆಗೆ ಯುಟಿಎಫ್8 ಕೊಡಿ. ಪವರ್‌ಶೆಲ್ 7 ಯುಟಿಎಫ್8ನಲ್ಲೇ ಬರೆಯುತ್ತದೆ, ಆದರೆ ಫೈಲಿನ ಆರಂಭದಲ್ಲಿ ಎನ್‌ಕೋಡಿಂಗ್ ತಿಳಿಸುವ ಬಿಒಎಂ ಗುರುತು ಹಾಕುವುದಿಲ್ಲ, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಅಕ್ಷರ ಕಲಸಿಹೋಗುತ್ತವೆ. ಅಲ್ಲಿ ‘ಯುಟಿಎಫ್8ಬಿಒಎಂ’ ಕೊಡಬೇಕು. ಫೈಲ್ ನಕಲು ಮಾಡುವ ರೋಬೊಕಾಪಿಯ ಲಾಗ್‌ಗೆ ‘ಲಾಗ್’ ಬದಲು ‘ಯುನಿಲಾಗ್’ ಬಳಸಿ. ಅದರ ಜೊತೆಗೇ ‘ಆರ್’ಗೆ 2, ‘ಡಬ್ಲ್ಯೂ’ಗೆ 5 ಎಂದೂ ಕೊಡಿ. ಕೊಡದಿದ್ದರೆ ರೋಬೊಕಾಪಿ ತೆರೆಯದ ಒಂದೇ ಫೈಲಿಗೆ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ.

ಹೊರಡುವ ಮುನ್ನ

ಪ್ರಾಕ್‌ಮಾನ್‌ನಲ್ಲಿ ಬೂಟ್ ಲಾಗಿಂಗ್ (ಬೂಟ್ ಆಗುವಾಗಲೇ ದಾಖಲಿಸುವ ಆಯ್ಕೆ) ಆನ್ ಮಾಡಿದ್ದರೆ, ರೀಸ್ಟಾರ್ಟ್ ಆಗಿ ಲಾಗಿನ್ ಆದ ಕೂಡಲೇ ಪ್ರಾಕ್‌ಮಾನ್ ತೆರೆದು ಲಾಗ್ ಸೇವ್ ಮಾಡಿ. ಮರೆತರೆ ಅದು ಸಿಸ್ಟಂ ಡ್ರೈವ್‌ನಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಪ್ರಾಕ್‌ಡಂಪ್ ಅನ್ನು ‘ಐ’ ಸ್ವಿಚ್‌ನಿಂದ ಕ್ರ್ಯಾಶ್ ಹಿಡಿಯುವ ಡೀಬಗ್ಗರ್ ಆಗಿ ನೋಂದಾಯಿಸಿದ್ದರೆ ‘ಯು’ ಒಂದನ್ನೇ ಕೊಟ್ಟು ತೆಗೆಯಿರಿ. ಸಂಪರ್ಕ ಕಡಿದ ಪಿಎಸ್‌ಎಕ್ಸೆಕ್‌ನ ಸರ್ವಿಸ್ ಆಚೆಯ ಮೆಷಿನ್‌ನಲ್ಲಿ ಉಳಿದಿದೆಯೇ ನೋಡಿ ಅಳಿಸಿ. ಡಂಪ್ ಫೈಲ್‌ಗಳಲ್ಲಿ ಆ ಪ್ರೊಸೆಸ್‌ನ ಮೆಮೊರಿಯಲ್ಲಿದ್ದ ಪಾಸ್‌ವರ್ಡ್, ಗ್ರಾಹಕರ ದಾಖಲೆ ಎಲ್ಲ ಇರಬಹುದು. ಬೇಕಾದವರಿಗೆ ತಲುಪಿಸಿ ಸರ್ವರ್‌ನಿಂದ ತೆಗೆದುಹಾಕಿ, ರೀಸೈಕಲ್ ಬಿನ್‌ನಿಂದಲೂ.